ಮನೆಯಲ್ಲಿ ಮಾಡಿದ ತರಕಾರಿ–ಚೀಸ್ ಪಫ್ ಪದರ ಬಿಡುತ್ತಿಲ್ಲ, ಅಡಿಭಾಗವೂ ಬೇಯುತ್ತಿಲ್ಲ

ಒಲೆಮುಂದೆ (ಮೈಸೂರು):

ನಮಸ್ಕಾರ. ಮುಂದಿನ ವಾರ ಮೊಮ್ಮಗಳ ನಾಮಕರಣವಿದ್ದು, ಸಂಜೆ ಬರುವ ನೆಂಟರಿಗೆ ಊಟಕ್ಕೆ ಮೊದಲು ಕಾಫಿಯ ಜೊತೆ ಕೊಡಲು, ಬೇಕರಿಯ ಪಫ್‌ನ ಅರ್ಧದಷ್ಟು ಗಾತ್ರದ ತರಕಾರಿ–ಚೀಸ್ ಪಫ್‌ಗಳನ್ನು ಮನೆಯಲ್ಲಿಯೇ ಮಾಡಬೇಕೆಂದಿದ್ದೇನೆ. ನಮ್ಮಲ್ಲಿ ಮೊಟ್ಟೆ ಬಳಸುವುದಿಲ್ಲ. ಇರುವುದು ಸಾಧಾರಣ ಗಾತ್ರದ ಓಟಿಜಿ (ಮನೆಬಳಕೆಯ ವಿದ್ಯುತ್ ಓವನ್). ಪರೀಕ್ಷೆಗೆಂದು ಮಾಡಿದಾಗ ಬೆಣ್ಣೆಯೆಲ್ಲ ಕರಗಿ ತಟ್ಟೆಗೆ ಇಳಿದು, ಪಫ್‌ಗಳು ಆ ಬೆಣ್ಣೆಯಲ್ಲಿಯೇ ಕರಿದಂತಾದವು. ಮೇಲೆ ಬಣ್ಣ ಬಂದರೂ ಅಡಿಭಾಗ ಹಸಿಹಸಿಯಾಗಿತ್ತು. ಒಳಗೆ ಹಾಕಿದ್ದು ಕ್ಯಾರೆಟ್, ಬೀನ್ಸ್, ಬಟಾಣಿ, ದೊಣ್ಣೆಮೆಣಸಿನಕಾಯಿಯ ಪಲ್ಯ ಮತ್ತು ತುರಿದ ಮೊಝರೆಲ್ಲಾ. ದೋಷವಿರುವುದು ಹಿಟ್ಟಿನಲ್ಲಿಯೇ, ಪಲ್ಯದಲ್ಲಿಯೇ ಅಥವಾ ಓವನ್ನಿನಲ್ಲಿಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಬೇಕರಿಬೆಂಚು:

ತಾವು ವಿವರಿಸಿರುವುದನ್ನು ನೋಡಿದರೆ ಮೂರರಲ್ಲಿಯೂ ಸ್ವಲ್ಪ ಸ್ವಲ್ಪವಿದೆ, ಆದರೆ ಮೊದಲು ನೋಡಬೇಕಾದದ್ದು ಬೆಣ್ಣೆಯನ್ನು. ಪಫ್ ಉಬ್ಬುವುದು ಸೋಡಾದಿಂದಲೂ ಅಲ್ಲ, ಯೀಸ್ಟಿನಿಂದಲೂ ಅಲ್ಲ. ಬೆಣ್ಣೆಯಲ್ಲಿ ಮತ್ತು ಹಿಟ್ಟಿನಲ್ಲಿ ಇರುವ ನೀರು ಓವನ್ನಿನ ಕಾವಿಗೆ ಆವಿಯಾಗಿ ಒಂದೊಂದು ಪದರವನ್ನೂ ಮೇಲಕ್ಕೆತ್ತುತ್ತದೆ. ಲಟ್ಟಿಸುವಾಗಲೇ ಬೆಣ್ಣೆ ಕರಗಿ ಹಿಟ್ಟಿನೊಳಗೆ ಬೆರೆತುಹೋದರೆ ಪದರಗಳ ನಡುವೆ ಅಂತರವೇ ಉಳಿಯುವುದಿಲ್ಲ, ಆಮೇಲೆ ಎಷ್ಟು ಕಾವು ಕೊಟ್ಟರೂ ಅದು ಸೋರುತ್ತದೆಯೇ ಹೊರತು ಉಬ್ಬುವುದಿಲ್ಲ. ಬೇಕರಿಯವರಿಗೆ ಈ ಕಷ್ಟ ಕಡಿಮೆ, ಏಕೆಂದರೆ ಅವರಲ್ಲಿ ಬಹುಪಾಲು ಜನ ಬಳಸುವುದು ಸುಲಭವಾಗಿ ಕರಗದ ಮಾರ್ಗರೀನನ್ನು. (ಅದನ್ನು ಮನೆಗೆ ತರುವುದು ನನಗೆ ಒಪ್ಪಿಗೆಯಿಲ್ಲ. ಎಣ್ಣೆ, ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ ಎಂಬುದು ನಿಜ, ಆದರೂ ತಿಂದ ಮೇಲೆ ಅಂಗುಳಿಗೆ ಮೇಣ ಹತ್ತಿದಂತಾಗುವುದು ತಪ್ಪುವುದಿಲ್ಲ.)

ಪ್ರಮಾಣ ಹೀಗಿರಲಿ: 250 ಗ್ರಾಂ ಮೈದಾಕ್ಕೆ 25 ಗ್ರಾಂ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ, ಒಂದು ಚಿಕ್ಕ ಚಮಚ ನಿಂಬೆರಸ ಬೆರೆಸಿದ ಸುಮಾರು 125 ಮಿಲಿ ತಣ್ಣೀರಿನಲ್ಲಿ ಕಲಸಿ, ಹೆಚ್ಚು ನಾದದೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ನಿಂಬೆರಸದಿಂದ ಹಿಟ್ಟಿನ ಬಿಗಿ ಸಡಿಲವಾಗಿ ಲಟ್ಟಿಸುವಾಗ ಹಿಂದಕ್ಕೆ ಎಳೆದುಕೊಳ್ಳುವುದಿಲ್ಲ. ಉಪ್ಪು ಬೆಣ್ಣೆಯನ್ನೇ ಬಳಸುವುದಾದರೆ ಹಿಟ್ಟಿಗೆ ಬೇರೆ ಉಪ್ಪು ಬೇಡ. ಪದರಕ್ಕಾಗಿ 180 ಗ್ರಾಂ ಬೆಣ್ಣೆಯನ್ನು ಬೆಣ್ಣೆ ಕಾಗದದ ನಡುವೆ ಚೌಕವಾಗಿ ತಟ್ಟಿಕೊಳ್ಳಿ. ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಅಂಟಬಾರದು. ಫ್ರಿಜ್ಜಿನಿಂದ ತೆಗೆದ ಕೂಡಲೇ ಲಟ್ಟಿಸಿದರೆ ಅದು ಒಳಗೇ ತುಂಡು ತುಂಡಾಗುತ್ತದೆ, ಅದೂ ಅಷ್ಟೇ ಕೆಟ್ಟದ್ದು. ಈ ಬೆಣ್ಣೆಯನ್ನು ಲಟ್ಟಿಸಿದ ಹಿಟ್ಟಿನ ನಡುವೆ ಇಟ್ಟು ಮುಚ್ಚಿ, ಪ್ರತಿ ಸಲವೂ ಉದ್ದಕ್ಕೆ ಲಟ್ಟಿಸಿ ಮೂರು ಮಡಿಕೆಯಂತೆ ಆರು ಸಲ ಮಡಿಸಿದರೆ ಬೆಣ್ಣೆಯ ಪದರಗಳು 729 ಆಗುತ್ತವೆ. ಮನೆಯ ಅಡುಗೆಗೆ ಐದು ಸಲ, ಅಂದರೆ 243, ಧಾರಾಳವಾಗಿ ಸಾಕು. ಪುಸ್ತಕಗಳಲ್ಲಿ ಎರಡು ಮಡಿಕೆಗೊಮ್ಮೆ ಫ್ರಿಜ್ಜಿಗಿಡಿ ಎಂದಿರುತ್ತದೆ, ನಮ್ಮ ಬೇಸಗೆಯಲ್ಲಿ ಪ್ರತಿ ಮಡಿಕೆಗೂ ಇಡಬೇಕು. ಬೆಳಗಿನ ಜಾವವೇ ಕೆಲಸಕ್ಕೆ ಕುಳಿತು, ಗ್ರಾನೈಟ್ ಕಟ್ಟೆಯ ಮೇಲೆ ಐಸ್ ತುಂಬಿದ ಸ್ಟೀಲ್ ತಟ್ಟೆಯನ್ನು ಸ್ವಲ್ಪ ಹೊತ್ತು ಇಟ್ಟು, ಬಳಿಕ ತೇವವನ್ನು ಒರೆಸಿ ಅಲ್ಲಿಯೇ ಲಟ್ಟಿಸಿದರೆ ಅರ್ಧ ಕಷ್ಟ ಕಳೆದಂತೆ.

ಕತ್ತರಿಸಲು ಹರಿತವಾದ ಚಾಕುವನ್ನು ನೇರವಾಗಿ ಕೆಳಕ್ಕೆ ಒತ್ತಿ. ಎಳೆದು ಕೊಯ್ದರೆ ಅಂಚಿನ ಪದರಗಳು ಒಂದಕ್ಕೊಂದು ಅಂಟುತ್ತವೆ. ಮೊಟ್ಟೆಯ ಬದಲು ಚಿಟಿಕೆ ಸಕ್ಕರೆ ಬೆರೆಸಿದ ಹಾಲನ್ನು ಮೇಲ್ಭಾಗಕ್ಕೆ ಮಾತ್ರ ಸವರಬೇಕು, ಅಂಚಿಗೆ ಇಳಿಯಲು ಬಿಡಬಾರದು.

ಹಾಸನದವಳು:

ಮೇಲಿನವರು ಹಿಟ್ಟಿನ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ, ಆದರೆ ಅಡಿಭಾಗ ಹಸಿಯಾಗಿದ್ದುದಕ್ಕೆ ನನ್ನ ಲೆಕ್ಕದಲ್ಲಿ ಪಲ್ಯವೇ ಕಾರಣ, ಅಮ್ಮ. ದೊಣ್ಣೆಮೆಣಸಿನಕಾಯಿಯೂ ಮೊಝರೆಲ್ಲಾವೂ ಎರಡೂ ನೀರು ಬಿಡುವ ಪದಾರ್ಥಗಳು. ತರಕಾರಿಯನ್ನು ಬಟಾಣಿ ಗಾತ್ರಕ್ಕಿಂತ ಸಣ್ಣಗೆ ಹೆಚ್ಚಿ, ಮುಚ್ಚಳವಿಲ್ಲದ ಅಗಲ ಬಾಣಲೆಯಲ್ಲಿ ದೊಡ್ಡ ಉರಿಯಲ್ಲಿ ಬಾಡಿಸಿ, ಉಪ್ಪನ್ನು ಕೊನೆಗೆ ಹಾಕಿ. ಆಮೇಲೆ ಒಂದು ಬೇಯಿಸಿದ ಆಲೂಗಡ್ಡೆಯನ್ನು ಪುಡಿಮಾಡಿ ಸೇರಿಸಿ, ಒಂದೆರಡು ಚಮಚ ಹುರಿಗಡಲೆ ಪುಡಿ ಉದುರಿಸಿದರೆ ಉಳಿದ ತೇವವನ್ನೂ ಅದು ಹೀರಿಕೊಳ್ಳುತ್ತದೆ. ಪಲ್ಯ ಸಂಪೂರ್ಣವಾಗಿ ಆರಿರಬೇಕು. ಬೆಚ್ಚಗಿನ ಪಲ್ಯ ತುಂಬಿದರೆ ಒಳಗಿನ ಬೆಣ್ಣೆ ಓವನ್ನಿಗೆ ಹೋಗುವ ಮೊದಲೇ ಕರಗುತ್ತದೆ.

ಚೀಸ್ ವಿಷಯದಲ್ಲಿ, ಪಿಜ್ಜಾದ ರೂಢಿಯಿಂದ ಎಲ್ಲದಕ್ಕೂ ಮೊಝರೆಲ್ಲಾ ಹಾಕುವುದು ನನಗಂತೂ ಅರ್ಥವಾಗುವುದಿಲ್ಲ. ಕ್ಯೂಬ್ ರೂಪದಲ್ಲಿ ಸಿಗುವ ಸಾಮಾನ್ಯ ಪ್ರೊಸೆಸ್ಡ್ ಚೀಸ್‌ನಲ್ಲಿ ಕೊಬ್ಬನ್ನೂ ನೀರನ್ನೂ ಹಿಡಿದಿಡುವ ಲವಣಗಳಿರುವುದರಿಂದ ಅದು ಕರಗಿದರೂ ಒಡೆದು ಎಣ್ಣೆ ಬಿಡುವುದು ಕಡಿಮೆ, ಪಫ್‌ಗೆ ಅದೇ ಸರಿ. ಪನೀರ್ ಕರಗುವುದೇ ಇಲ್ಲ. ಅದನ್ನು ಪುಡಿಮಾಡಿ ಸ್ವಲ್ಪ ಬೆರೆಸಿದರೆ ಪಲ್ಯಕ್ಕೆ ಮೈ ಬರುತ್ತದೆ. ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೊಪ್ಪು ಸ್ವಲ್ಪ ಮುಂದಾಗಿಯೇ ಇರಲಿ, ಇಲ್ಲವಾದರೆ ಬೆಣ್ಣೆ ಮತ್ತು ಚೀಸ್ ನಡುವೆ ಖಾರ ಕಾಣೆಯಾಗುತ್ತದೆ.

ಚಿರೋಟಿಪ್ರಿಯ:

ಬೆಣ್ಣೆಯ ಈ ಸರ್ಕಸ್ಸೇ ಬೇಡವೆನ್ನುವವರಿಗೆ ನಮ್ಮ ಚಿರೋಟಿಯ ದಾರಿಯೊಂದಿದೆ. ತುಪ್ಪಕ್ಕೆ ಅಕ್ಕಿಹಿಟ್ಟು ಬೆರೆಸಿ ನೊರೆಯಾಗುವಂತೆ ತಿಕ್ಕಿ, ತೆಳ್ಳಗೆ ಲಟ್ಟಿಸಿದ ಹಾಳೆಗಳಿಗೆ ಸವರಿ, ಒಂದರ ಮೇಲೊಂದು ಇಟ್ಟು ಸುತ್ತಿ, ತುಂಡು ಮಾಡಿ ಮತ್ತೆ ಲಟ್ಟಿಸಿ, ನಡುವೆ ಪಲ್ಯವಿಟ್ಟು ಅಂಚು ಒತ್ತಿ ಎಣ್ಣೆಯಲ್ಲಿ ಕರಿಯಿರಿ. ಪದರಗಳನ್ನು ಇಲ್ಲಿ ಬೇರೆಯಾಗಿಡುವುದು ಆವಿಗಿಂತ ಹೆಚ್ಚಾಗಿ ತುಪ್ಪ ಮತ್ತು ಅಕ್ಕಿಹಿಟ್ಟು, ಆದ್ದರಿಂದ ಸೆಖೆಗೆ ಅಷ್ಟಾಗಿ ಹೆದರಬೇಕಿಲ್ಲ. ಚೀಸ್ ಮಾತ್ರ ಕಡಿಮೆ ಇರಲಿ. ಅಂಚು ಬಿಟ್ಟುಕೊಂಡರೆ ಎಣ್ಣೆಯೆಲ್ಲ ಸಿಡಿಯುತ್ತದೆ.

ಒಲೆಮುಂದೆ (ಮೈಸೂರು):

ಎಲ್ಲರಿಗೂ ವಂದನೆಗಳು. ಚಿರೋಟಿಯ ವಿಧಾನ ಆಕರ್ಷಕವಾಗಿದೆ, ಆದರೆ ನೆಂಟರು ಬಂದಿರುವಾಗ ಬಾಣಲೆಯ ಮುಂದೆ ನಿಲ್ಲಲಾರೆ. ಪಫ್‌ಗಳನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಬಹುದೇ? ಓಟಿಜಿಯಲ್ಲಿ ಕಾವು ಎಷ್ಟಿರಬೇಕು?

ಬೇಕರಿಬೆಂಚು:

ಬೇಯಿಸಿ ಇಡಬೇಡಿ, ಹಸಿಯಾಗಿಯೇ ಇಡಿ. ತುಂಬಿ ಮಡಿಸಿದ ಪಫ್‌ಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಬಳಿಕ ಡಬ್ಬಿಗೆ ಹಾಕಿಡಬಹುದು. ಬೇಯಿಸುವಾಗ ಕರಗಲು ಬಿಡದೆ ನೇರವಾಗಿ ಓವನ್ನಿಗೆ ಇಡಬೇಕು; ಬೆಣ್ಣೆ ಅಷ್ಟು ತಣ್ಣಗಿರುವುದು ನಿಮಗೆ ಅನುಕೂಲವೇ. ಓಟಿಜಿಯ ಮೇಲಿನ, ಕೆಳಗಿನ ಎರಡೂ ಕಾಯುವ ಕಡ್ಡಿಗಳನ್ನು ಹಾಕಿ 20 ನಿಮಿಷ ಮೊದಲೇ 220 ಡಿಗ್ರಿಗೆ ಕಾಯಿಸಿ, ತಟ್ಟೆಯನ್ನು ಮಧ್ಯಕ್ಕಿಂತ ಒಂದು ಮೆಟ್ಟಿಲು ಕೆಳಗಿಟ್ಟು, ಮೊದಲ 12 ನಿಮಿಷ ಬಾಗಿಲು ತೆರೆಯದೆ ಬೇಯಿಸಿ. ಬಳಿಕ 190ಕ್ಕೆ ಇಳಿಸಿ ಇನ್ನೊಂದು 12ರಿಂದ 15 ನಿಮಿಷ. ಓಟಿಜಿಯ ತಿರುಪಿನ ಮೇಲಿರುವ ಅಂಕಿಯನ್ನು ಪೂರ್ತಿ ನಂಬಬೇಡಿ; ಒಂದು ಪಫ್ಫನ್ನು ಮೊದಲು ಬೇಯಿಸಿ, ತಿರುಗಿಸಿ ನೋಡಿ, ಅಡಿಯೂ ಹೊಂಬಣ್ಣಕ್ಕೆ ಬಂದಿದ್ದರೆ ಉಳಿದವನ್ನು ಇಡಿ. ತೆಗೆದ ಮೇಲೆ ಜಾಲರಿಯ ಮೇಲೆ ಆರಿಸಿ, ಮುಚ್ಚಿಡಬೇಡಿ.