ಅಪ್‌ಡೇಟ್: ಹಾರ್ಮೋನಿಯಂ ಮೇಷ್ಟ್ರ ಪುಟ ಏನಾಯ್ತು?

ನಮ್ಮ ಗುಬ್ಬಿಯ ಹಾರ್ಮೋನಿಯಂ ಮೇಷ್ಟ್ರ ಪುಟವನ್ನು ಆನ್‌ಲೈನ್ ವಿಶ್ವಕೋಶದಿಂದ ತೆಗೆದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ನೀವು ಹೇಳಿದಂತೆ, ಪುಟ ಅಳಿಸಿದ ವಿಶ್ವಕೋಶದ ನಿರ್ವಾಹಕರನ್ನೇ ಮೊದಲು ಕೇಳಿದೆ. ಅಳಿಸಿದ ಬರಹ ಅವರಿಗೆ ಕಾಣುತ್ತಂತೆ, ಕರಡಾಗಿ ವಾಪಸ್ ಕೊಟ್ಟರು. ಆದರೆ ಪುಟ ಮತ್ತೆ ಹಾಕಲು ಆಧಾರ ಬೇಕು, ಅದಕ್ಕೆ ನಾಟಕದ ಕರಪತ್ರ, ಸನ್ಮಾನ ಪತ್ರ ಲೆಕ್ಕಕ್ಕಿಲ್ಲ. ಮೇಷ್ಟ್ರಿಗೆ ಸಂಬಂಧವಿಲ್ಲದವರು ಅವರ ಬಗ್ಗೆ ವಿವರವಾಗಿ ಬರೆದದ್ದೇ ಬೇಕು.

ತುಮಕೂರಿನ ಗ್ರಂಥಾಲಯದಲ್ಲಿ ಹಳೇ ಪತ್ರಿಕೆಗಳ ಕಟ್ಟು ಬಿಚ್ಚಿಸಿದೆ. ಅರ್ಧ ಪುಟದ ಲೇಖನ ಸಿಕ್ಕಿತು! ಮೇಷ್ಟ್ರು ಲೆಗ್ ಹಾರ್ಮೋನಿಯಂ (ಕಾಲಲ್ಲಿ ಗಾಳಿ ಒತ್ತುವಂಥದ್ದು) ಮುಂದೆ ಕೂತ ಫೋಟೊನೂ ಇದೆ, ಅಂಚು ಮಾತ್ರ ಗೆದ್ದಲು ತಿಂದಿದೆ. ಒಂದೇ ಲೇಖನ ಸಾಲದು, ಇನ್ನೂ ಹುಡುಕುತ್ತಿದ್ದೇನೆ. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಊರು ನಮ್ಮದು. ಇಲ್ಲಿ ನಟರ ಬಗ್ಗೆ ಬರೆದವರಿದ್ದಾರೆ, ಹಾರ್ಮೋನಿಯಂ ಪೆಟ್ಟಿಗೆ ನುಡಿಸಿದವರ ಬಗ್ಗೆ ಕಡಿಮೆ. ನಿಮ್ಮ ಮನೆಯಲ್ಲಿ ಹಳೇ ರಂಗಭೂಮಿ ಪುಸ್ತಕಗಳಿದ್ದರೆ ದಯವಿಟ್ಟು ನೋಡಿ ಹೇಳಿ.