ಮುದ್ರಕರನ್ನು ಕೇಳಿ: ನಮ್ಮದೇ ಆಟಕ್ಕೆ ನಾವೇ ಕಾರ್ಡ್ ಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ (ಕುವೆಂಪುನಗರದ ಒಬ್ಬ ತಾಯಿ): ನಮಸ್ಕಾರ ಸರ್. ಪೊಕೆಮಾನ್ ಕಾರ್ಡ್‌ಗಳ ಗುಂಗಿನಲ್ಲಿದ್ದ ನನ್ನ ಮಗ ಈಗ ತಾನೇ ಒಂದು ಆಟ ಕಟ್ಟಿದ್ದಾನೆ. ರಂಗನತಿಟ್ಟಿನ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಮೊಸಳೆ ಎಲ್ಲವೂ ಅದರಲ್ಲಿವೆ. ಒಂದೊಂದಕ್ಕೂ ಬಲ, ಆಹಾರ, ಶತ್ರು ಗೊತ್ತುಮಾಡಿದ್ದಾನೆ. ಚಿತ್ರಗಳೂ ಅವನವೇ. ಎ4 ಹಾಳೆಯಲ್ಲಿ ಮುದ್ರಿಸಿ, ಕತ್ತರಿಸಿ, ಪೌಚ್ ಲ್ಯಾಮಿನೇಷನ್ ಮಾಡಿಸಿದೆವು. ಕಲಸಲು ಹೋದರೆ ಜಾರುತ್ತವೆ, ಅಂಚು ಕೈಗೆ ಚುಚ್ಚುತ್ತದೆ. ಯಾವ ಕಾಗದ ಬಳಸಬೇಕು?

ಉತ್ತರ: ಮೊದಲು ಹುಡುಗನಿಗೆ ನನ್ನ ಶಹಬ್ಬಾಸ್ ತಿಳಿಸಿ ಮೇಡಂ. ಪೌಚ್ ಲ್ಯಾಮಿನೇಷನ್ ಗುರುತಿನ ಚೀಟಿಗೆ ಸರಿ, ಕಲಸುವ ಕಾರ್ಡಿಗೆ ಅಲ್ಲ. ಪ್ರೆಸ್‌ನಲ್ಲಿ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಆರ್ಟ್ ಬೋರ್ಡ್ ಕೇಳಿ. ಮುದ್ರಣವಾದ ಮೇಲೆ ಹಾಳೆಯ ಎರಡೂ ಬದಿಗೆ ತೆಳುವಾದ ಮ್ಯಾಟ್ ಲ್ಯಾಮಿನೇಷನ್ ಹಾಕಿಸಿ, ಆಮೇಲೆ ಕತ್ತರಿಸಲಿ. ಒಂದೇ ಬದಿಗೆ ಹಾಕಿಸಿದರೆ ಮಳೆಗಾಲದಲ್ಲಿ ಕಾರ್ಡ್ ಸುರುಳಿಯಾಗುತ್ತದೆ, ಏಕೆಂದರೆ ಲ್ಯಾಮಿನೇಷನ್ ಇಲ್ಲದ ಬದಿ ತೇವ ಹೀರಿ ಹಿಗ್ಗುತ್ತದೆ, ಇನ್ನೊಂದು ಬದಿ ಹಿಗ್ಗುವುದಿಲ್ಲ. ಅಳತೆ 63 × 88 ಮಿಲಿಮೀಟರ್ ಇರಲಿ. ಪೊಕೆಮಾನ್, ‘ಮ್ಯಾಜಿಕ್’ ಎಂಬ ಇನ್ನೊಂದು ಕಾರ್ಡ್ ಆಟ, ಎರಡರದೂ ಅದೇ ಅಳತೆ, ಆದ್ದರಿಂದ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಲೀವ್ (ಕಾರ್ಡಿಗೆ ತೊಡಿಸುವ ಚೀಲ) ನಿಮ್ಮ ಕಾರ್ಡಿಗೂ ಹೊಂದುತ್ತದೆ. ಮೂಲೆಗಳನ್ನು ಕಾರ್ನರ್ ಕಟರ್‌ನಲ್ಲಿ ಗುಂಡಗೆ ಮಾಡಿಸಿ, ಕೈಗೆ ಚುಚ್ಚುವುದು ನಿಲ್ಲುತ್ತದೆ.

ಆದರೆ ಕಾಗದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಮುಂಬದಿಯ ಚಿತ್ರಕ್ಕೆ ಮಕ್ಕಳು ತಿಂಗಳುಗಟ್ಟಲೆ ದುಡಿಯುತ್ತಾರೆ, ಹಿಂಬದಿಯನ್ನು ಕೊನೆಯ ಗಳಿಗೆಯಲ್ಲಿ ಏನೋ ಒಂದು ಹಾಕಿ ಮುಗಿಸುತ್ತಾರೆ. ಆಟ ನಿಂತಿರುವುದು ಹಿಂಬದಿಯ ಮೇಲೆ. ಎದುರಾಳಿಯ ಕೈಯಲ್ಲಿರುವುದು ಮೊಸಳೆಯೋ ಕೊಕ್ಕರೆಯೋ ಎಂದು ಹಿಂದಿನಿಂದ ನೋಡಿ ಹೇಳುವಂತಾದರೆ ಅಲ್ಲಿಗೆ ಆಟ ಮುಗಿಯಿತು.

ಅದೇ ತಾಯಿ: ಹಿಂಬದಿಗೆ ಅವನು ಕಡುನೀಲಿ ಬಣ್ಣ, ಸುತ್ತ ಬಿಳಿ ಚೌಕಟ್ಟು, ಮಧ್ಯೆ ಹಕ್ಕಿಯ ರೆಕ್ಕೆ ಬರೆದಿದ್ದಾನೆ. ತೊಂದರೆಯಿದೆಯೇ?

ಉತ್ತರ: ಚೌಕಟ್ಟು ತೆಗೆಸಿ. ಹಾಳೆಯ ಎರಡು ಬದಿಗೆ ಮುದ್ರಿಸುವಾಗ ಡಿಜಿಟಲ್ ಯಂತ್ರದಲ್ಲಿ ಒಂದು ಬದಿ ಕೂದಲೆಳೆಯಷ್ಟು ಜರುಗುವುದು ಸಹಜ. ಚೌಕಟ್ಟು ಇಲ್ಲದಿದ್ದರೆ ಅದು ಯಾರ ಕಣ್ಣಿಗೂ ಬೀಳದು. ಇದ್ದರೆ ಒಂದು ಕಾರ್ಡಿನಲ್ಲಿ ಎಡಗಡೆ ಬಿಳಿ ದಪ್ಪ, ಇನ್ನೊಂದರಲ್ಲಿ ಬಲಗಡೆ ದಪ್ಪ. ಮಕ್ಕಳ ಕಣ್ಣು ಬಹಳ ಚುರುಕು, ಬೇಗನೆ ಗುರುತು ಹಿಡಿಯುತ್ತಾರೆ.

ಕಡುಬಣ್ಣ ಅಂಚಿನವರೆಗೆ ಬರುವುದೂ ಬೇಡ. ನಾಲ್ಕು ದಿನ ಕಲಸಿದರೆ ಅಂಚು ಸವೆದು ಒಳಗಿನ ಬಿಳಿ ಕಾಗದ ಇಣುಕುತ್ತದೆ, ಹೆಚ್ಚು ಆಡಿದ ಕಾರ್ಡ್ ಯಾವುದೆಂದು ತಿಳಿದುಹೋಗುತ್ತದೆ. ಮಧ್ಯದಲ್ಲಿ ನೀಲಿ ಇರಲಿ, ಅಂಚಿನ ಕಡೆಗೆ ಹೋಗುತ್ತಾ ತಿಳಿಯಾಗಲಿ. ರೆಕ್ಕೆಯನ್ನು ಒಂದರ ಬದಲು ಎರಡು ಬರೆಸಿ, ಒಂದು ಮೇಲ್ಮುಖ, ಒಂದು ಕೆಳಮುಖ. ಕಾರ್ಡ್ ತಲೆಕೆಳಗಾದರೂ ಹಿಂಬದಿ ಒಂದೇ ರೀತಿ ಕಾಣಬೇಕು.

ಮೈಸೂರಿನವರಿಗೆ ಇದು ಹೊಸ ಪಾಠವೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಎಲೆಯಾಟಗಳನ್ನು ಸ್ವತಃ ರೂಪಿಸಿದ ಅರಸರು. ಕೈಯಿಂದ ಚಿತ್ರ ಬರೆದ ಎಲೆಗಳ ಹಳೆಯ ಆಟವಾದ ಗಂಜೀಫಾದ ದಶಾವತಾರ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆಗಳಿರುತ್ತವೆ. ಮುಂಬದಿಯಲ್ಲಿ ಅಷ್ಟು ಸೂಕ್ಷ್ಮವಾಗಿ ಚಿತ್ರ ಬರೆಯುತ್ತಿದ್ದ ಕಲಾವಿದರು ಹಿಂಬದಿಗೆ ಸಾಮಾನ್ಯವಾಗಿ ಒಂದೇ ಬಣ್ಣ ಬಳಿದು ಬಿಡುತ್ತಿದ್ದರು. ಅದು ಸೋಮಾರಿತನವಲ್ಲ, ಆಟ ಬಲ್ಲವರ ವಿವೇಕ. ಮಗನಿಗೆ ಒಮ್ಮೆ ಗಂಜೀಫಾ ಎಲೆಗಳನ್ನು ತೋರಿಸಿ.

ಪ್ರಶ್ನೆ (ಮದ್ದೂರಿನ ಶಾಲಾ ಶಿಕ್ಷಕರು): ನಮ್ಮ ಮಕ್ಕಳು ಕೊಕ್ಕರೆ ಬೆಳ್ಳೂರಿನ ಹಕ್ಕಿಗಳ ಮೇಲೆ ಇಂಥದೇ ಆಟ ಮಾಡುತ್ತಿದ್ದಾರೆ. ಎರಡು ಅನುಮಾನ. ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಕೊಟ್ಟ ಕನ್ನಡ ಅಂಗಡಿಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂತು, ಏನು ಮಾಡಬೇಕು? ಕೆಲವು ಕಾರ್ಡ್ ಅಪರೂಪವಾಗಿರಬೇಕು, ಉಳಿದವು ಧಾರಾಳವಾಗಿ ಸಿಗಬೇಕು ಎಂದು ಮಕ್ಕಳ ಹಟ, ಅದನ್ನು ಮುದ್ರಣದಲ್ಲಿ ಹೇಗೆ ಸಾಧಿಸುವುದು?

ಉತ್ತರ: ಮೇಷ್ಟ್ರೇ, ಹಳೆಯ ನುಡಿ ಫಾಂಟ್ ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹಾಗೆಯೇ ಆಗುತ್ತದೆ. ಯುನಿಕೋಡ್‌ನಲ್ಲಿ ಕೊಟ್ಟರೂ ಕೆಲವು ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ. ತೆರೆದ ಕಡತ ಕೊಡಲೇಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಫಾಂಟ್ ಒಳಸೇರಿದ ಪಿಡಿಎಫ್ ಮಾಡಿ ಕೊಡಿ. ಮುದ್ರಣಕ್ಕೆ ಮೊದಲು ಒಂದು ಹಾಳೆ ತೆಗೆಸಿ, ಮಕ್ಕಳ ಕೈಯಲ್ಲೇ ಓದಿಸಿ.

ಅಕ್ಷರದ ಗಾತ್ರದ ಬಗ್ಗೆಯೂ ಹೇಳಿಬಿಡುತ್ತೇನೆ. ಇಂಗ್ಲಿಷ್ ಕಾರ್ಡ್ ನೋಡಿ 6 ಪಾಯಿಂಟ್‌ನಲ್ಲಿ ಕನ್ನಡ ಕೂರಿಸುವವರು ಬಹಳ ಜನ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು ಎರಡಕ್ಕೂ ಜಾಗ ಬೇಕು. 9 ಪಾಯಿಂಟ್‌ಗಿಂತ ಇಳಿಯಬೇಡಿ, ಸಾಲುಗಳ ನಡುವೆ ಧಾರಾಳವಾಗಿ ಬಿಡಿ. ‘ರಾಷ್ಟ್ರಪಕ್ಷಿ’ ಎಂಬ ಪದದ ಒತ್ತುಗಳು ಕೆಳಗಿನ ಸಾಲಿಗೆ ತಾಗದಿದ್ದರೆ ಉಳಿದದ್ದೆಲ್ಲ ಸರಿಯಿರುತ್ತದೆ. ಮಾತು ಹಿಡಿಸದಿದ್ದರೆ ಮಾತು ಕಡಿಮೆ ಮಾಡಿ, ಅಕ್ಷರ ಕಿರಿದು ಮಾಡಬೇಡಿ.

ಅಪರೂಪದ ವಿಷಯ ನನಗೆ ಬಹಳ ಪ್ರಿಯ. ಅದು ತೀರ್ಮಾನವಾಗುವುದು ಹಾಳೆಯ ಮೇಲೆಯೇ. 1993ರಲ್ಲಿ ಮ್ಯಾಜಿಕ್ ಆಟ ಬಂದಾಗ ಒಂದು ಹಾಳೆಯಲ್ಲಿ 11 × 11, ಅಂದರೆ 121 ಕಾರ್ಡ್ ಮುದ್ರಿಸುತ್ತಿದ್ದರು. ಒಂದು ಕಾರ್ಡ್ ಹಾಳೆಯಲ್ಲಿ ಎಷ್ಟು ಮನೆ ಹಿಡಿದಿದೆ ಎಂಬುದೇ ಅದು ಎಷ್ಟು ಸಿಗುತ್ತದೆ ಎಂಬುದನ್ನು ಹೇಳುತ್ತದೆ. ನಮ್ಮ ಪ್ರೆಸ್‌ಗಳ 12 × 18 ಅಂಗುಲದ ಹಾಳೆಯಲ್ಲಿ, ಕತ್ತರಿಸಲು ಜಾಗ ಬಿಟ್ಟು, 18 ಕಾರ್ಡ್ ಕೂರುತ್ತವೆ. ನಾಲ್ಕು ಹಕ್ಕಿಗಳಿಗೆ ಮೂರು ಮೂರು ಮನೆ ಕೊಡಿ, ಆರು ಹಕ್ಕಿಗಳಿಗೆ ಒಂದೊಂದು. ಹತ್ತು ಹಾಳೆ ಹಾಕಿಸಿದರೆ ಸಾಮಾನ್ಯ ಹಕ್ಕಿ 30 ಕಾರ್ಡ್, ಅಪರೂಪದ್ದು 10. ಯಾವ ಹಕ್ಕಿಗೆ ಎಷ್ಟು ಮನೆ ಎಂಬುದನ್ನು ಊರಿನಲ್ಲಿ ನಿಜವಾಗಿ ಎಷ್ಟು ಕಾಣುತ್ತವೆ ಎಂದು ಎಣಿಸಿ ಮಕ್ಕಳೇ ನಿರ್ಧರಿಸಲಿ.

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ): ಅಣ್ಣ, ಅಪರೂಪದ ಕಾರ್ಡಿಗೆ ಮಾತ್ರ ಹೊಳೆಯುವ ಹಾಲೋಗ್ರಾಂ ಫಿಲ್ಮ್ ಹಾಕಿಸಬಹುದೇ? ಇನ್ನೊಂದು ವಿಷಯ, ದುಬಾರಿ ಮ್ಯಾಜಿಕ್ ಕಾರ್ಡ್‌ಗಳ ಪ್ರತಿಯನ್ನು ನಿಮ್ಮಲ್ಲಿ ಮುದ್ರಿಸಿಕೊಡುತ್ತೀರಾ?

ಉತ್ತರ: ಫಿಲ್ಮ್ ಹಾಕಿಸಬಹುದು, ಆದರೆ ಆ ಕಾರ್ಡ್ ಬೇರೆ ರೀತಿ ಬಾಗುತ್ತದೆ, ಕಟ್ಟಿನಲ್ಲಿ ಎದ್ದು ಕಾಣುತ್ತದೆ. ಆಡುವುದಕ್ಕಾದರೆ ಬೇಡ, ಆಲ್ಬಂನಲ್ಲಿ ಇಡುವುದಕ್ಕಾದರೆ ಖಂಡಿತ ಹಾಕಿಸಪ್ಪ.

ಎರಡನೆಯದಕ್ಕೆ ಉತ್ತರ ಇಲ್ಲ. ಆ ಚಿತ್ರಗಳಿಗೆ ಹಕ್ಕುಸ್ವಾಮ್ಯವಿದೆ, ಕಂಪನಿಯ ಅಧಿಕೃತ ಪಂದ್ಯಗಳಲ್ಲಿ ಮನೆಯ ಪ್ರತಿ ನಡೆಯುವುದೂ ಇಲ್ಲ. ಗೆಳೆಯರ ನಡುವೆ ಹೊಸ ಕಟ್ಟೊಂದನ್ನು ಆಡಿ ನೋಡಬೇಕಾದರೆ ಚೀಟಿಯ ಮೇಲೆ ಕಾರ್ಡಿನ ಹೆಸರು ಬರೆದು, ಹಳೆಯ ಕಾರ್ಡಿನ ಮುಂದೆ ಸ್ಲೀವ್‌ನೊಳಗೆ ಸೇರಿಸಿ ಆಡಿ. ಅಸಲಿಯಂತೆಯೇ ಕಾಣುವ ಪ್ರತಿ ಕೈಯಿಂದ ಕೈಗೆ ಹೋಗಿ ಕೊನೆಗೆ ಯಾರೋ ಒಬ್ಬ ಹುಡುಗ ಅದಕ್ಕೆ ದುಡ್ಡು ಕೊಟ್ಟು ಮೋಸಹೋಗುತ್ತಾನೆ. ನಿನ್ನದೇ ಆಟ, ನಿನ್ನದೇ ಚಿತ್ರ ತಂದರೆ ಎಷ್ಟು ಹೊತ್ತಾದರೂ ಜೊತೆಗೆ ಕೂತು ಕೆಲಸ ಮಾಡಿಕೊಡುತ್ತೇನೆ.

ಮೊದಲ ತಾಯಿ: ಸರ್, ಪ್ರೆಸ್‌ಗೆ ಬರುವ ಮೊದಲು ಏನೇನು ಸಿದ್ಧಮಾಡಿಕೊಳ್ಳಬೇಕು?

ಉತ್ತರ: ಪ್ರತಿ ಚಿತ್ರವೂ 69 × 94 ಮಿಲಿಮೀಟರ್ ಇರಲಿ, ನಾಲ್ಕೂ ಕಡೆ 3 ಮಿಲಿಮೀಟರ್ ಕತ್ತರಿಗೆ ಹೋಗುತ್ತದೆ. 300 ಡಿಪಿಐ (ಅಂಗುಲಕ್ಕೆ 300 ಚುಕ್ಕಿ) ಲೆಕ್ಕದಲ್ಲಿ ಅದು 815 × 1110 ಪಿಕ್ಸೆಲ್. ಕತ್ತರಿಸುವ ಗೆರೆಯಿಂದ ಒಳಕ್ಕೆ ಇನ್ನೂ 3 ಮಿಲಿಮೀಟರ್‌ವರೆಗೆ ಅಕ್ಷರ ಬೇಡ. ಪರದೆಯ ಮೇಲೆ ಮಿಂಚುವ ಹಸಿರು ಮುದ್ರಣದಲ್ಲಿ ಸ್ವಲ್ಪ ಮಂಕಾಗುತ್ತದೆ, ಹುಡುಗನಿಗೆ ಮೊದಲೇ ಹೇಳಿಡಿ. ಎಷ್ಟು ಬೇಕೋ ಅಷ್ಟನ್ನು ಒಂದೇ ಸಲ ಮುದ್ರಿಸಿ, ಮೇಲೆ ಎರಡು ಹಾಳೆ ಹೆಚ್ಚು ಹಾಕಿಸಿಕೊಳ್ಳಿ. ಕಾರ್ಡ್ ಕಳೆದುಹೋದಾಗ ಆರು ತಿಂಗಳ ನಂತರ ಒಂದನ್ನು ಮಾಡಿಸಲು ಬಂದರೆ ಕಾಗದದ ಬಿಳುಪೂ ನೀಲಿಯ ಛಾಯೆಯೂ ಹಳೆಯದಕ್ಕೆ ಹೊಂದುವುದಿಲ್ಲ.