ಹೊಟ್ಟು, ತೊಗಟೆಯಿಂದ ತೆಗೆಯುವುದಕ್ಕೆ ‘ಸತ್ವ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಸಾಮಿಲ್ ನಡೆಸುವವರಿಗಾಗಿ ಒಂದು ಚಿಕ್ಕ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮರ ಕೊಯ್ದ ಮೇಲೆ ಉಳಿಯುವ ಹೊಟ್ಟು, ತೊಗಟೆ, ಗಂಟುಗಳಿಂದ ಏನೇನು ತೆಗೆಯಬಹುದು ಅನ್ನುವುದು ಅದರ ವಿಷಯ. ‘ಬಯೋಆಕ್ಟಿವ್ ಕಾಂಪೌಂಡ್’ ಅಂತ ಬಂದಲ್ಲೆಲ್ಲ ಪೆನ್ನು ನಿಲ್ಲುತ್ತಿದೆ. ನಿಘಂಟಿನ ದಾರಿ ಹಿಡಿದರೆ ‘ಜೈವಿಕ ಸಕ್ರಿಯ ಸಂಯುಕ್ತ’. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಇದನ್ನು ಓದಿ ಹೇಳಿದರೆ ಒಬ್ಬರು, “ಜೈವಿಕ ಗೊಬ್ಬರಾನಾ ಸಾರ್?” ಅಂದರು. ಸರಿಯಾಗೇ ಕೇಳಿದರು. ಈಗ ‘ಜೈವಿಕ’ ಅಂದರೆ ಗೊಬ್ಬರ, ಇಂಧನ ಇವೇ ತಾನೇ ನೆನಪಾಗೋದು?

ಪತ್ರಿಕೆಗಳಲ್ಲಿ ‘ಔಷಧೀಯ ಅಂಶ’ ಅಂತಲೂ ಬರೆಯುತ್ತಾರೆ. ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಮೂಲದ ಮಾತು ಹೇಳುವುದು ಇಷ್ಟೇ: ಈ ವಸ್ತು ಜೀವ ಇರುವ ಯಾವುದೋ ಒಂದರ ಮೇಲೆ ಪರಿಣಾಮ ಮಾಡುತ್ತದೆ. ಒಳ್ಳೆಯದೋ ಕೆಟ್ಟದ್ದೋ ಹೇಳುವುದಿಲ್ಲ. ತೇಗವನ್ನೇ ನೋಡಿ. ಅದರ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಅದರಲ್ಲಿರುವ ಟೆಕ್ಟೋಕ್ವಿನೋನ್‌ನಂಥ ವಸ್ತುಗಳು ಕಾರಣ. ಅದೇ ತೇಗದ ಹೊಟ್ಟು ಬೆವರಿದ ಕುತ್ತಿಗೆಗೆ, ಮೊಣಕೈ ಸಂದಿಗೆ ಅಂಟಿದರೆ ಕೆಲವು ಬಡಗಿಗಳಿಗೆ ಕೆಂಪಗೆ ದದ್ದು ಏಳುತ್ತದೆ, ರಾತ್ರಿಯೆಲ್ಲ ಕೆರೆತ. ಅದಕ್ಕೂ ಟೆಕ್ಟೋಕ್ವಿನೋನ್ ಸೇರಿದ ಕ್ವಿನೋನ್ ಅನ್ನುವ ರಾಸಾಯನಿಕಗಳ ಬಳಗವೇ ಕಾರಣ. ಇದಕ್ಕೆ ‘ಔಷಧೀಯ’ ಅಂತ ಹೆಸರಿಟ್ಟರೆ ನಾಳೆ ಯಾರಾದರೂ ಹೊಟ್ಟಿನ ಕಷಾಯ ಕುಡಿದಾರು!

ಹೊನ್ನೆ ಮರದ ಲೋಟದ ಕತೆ ಗೊತ್ತಲ್ಲ. ರಾತ್ರಿ ನೀರು ತುಂಬಿಟ್ಟರೆ ಬೆಳಿಗ್ಗೆ ಬಣ್ಣ ಬಿಟ್ಟಿರುತ್ತದೆ, ಸಕ್ಕರೆ ಕಾಯಿಲೆಯವರು ಕುಡಿಯುತ್ತಾರೆ. ಹೊನ್ನೆಯ ಚೇಗಿನಲ್ಲಿ ಟೆರೋಸ್ಟಿಲ್ಬೀನ್ ಅನ್ನುವ ಇಂಥದೊಂದು ವಸ್ತು ಇರುವುದು ನಿಜ. ಆದರೆ ಮರದಲ್ಲಿ ಇದೆ ಅನ್ನುವುದು ಬೇರೆ, ಕಾಯಿಲೆ ವಾಸಿ ಮಾಡುತ್ತದೆ ಅನ್ನುವುದು ಬೇರೆ. ನಾವಿಡುವ ಪದ ಇವೆರಡನ್ನೂ ಕಲಸಬಾರದು.

ನನ್ನ ಒಲವು ‘ಸತ್ವ’ದ ಕಡೆಗೆ. ಮಣ್ಣಿನ ಸತ್ವ, ಸತ್ವ ಇಲ್ಲದ ಊಟ ಅಂತ ಎಲ್ಲರ ಬಾಯಲ್ಲೂ ಇದೆ. ‘ಸಾರ’ ಆಗುವುದಿಲ್ಲವೇ ಅಂತ ಕೇಳಬಹುದು. ಸಾರ ಅಂದರೆ ನೀರಿಗೋ ಸ್ಪಿರಿಟ್ಟಿಗೋ ಇಳಿದು ಬಂದದ್ದೆಲ್ಲ ಸೇರಿ. ನನಗೆ ಬೇಕಿರುವುದು ಅದರೊಳಗೆ ಕೆಲಸ ಮಾಡುವ ವಸ್ತು. ತೊಗಟೆ ಕುದಿಸಿ ಸೋಸಿದ್ದು ಸಾರ, ಅದರಲ್ಲಿ ಅಡಗಿರುವುದು ಸತ್ವ. ಹೀಗೆ ಎರಡಕ್ಕೂ ಕೆಲಸ ಹಂಚಿದರೆ ಹೇಗೆ? ಒಂದು ತೊಡಕಿದೆ. ಗ್ರಂಧಿಗೆ ಅಂಗಡಿಯಲ್ಲಿ ‘ಅಮೃತಬಳ್ಳಿ ಸತ್ವ’ ಕೇಳಿದರೆ ಕೊಡುವುದು ಬಳ್ಳಿಯನ್ನು ಜಜ್ಜಿ ನೀರಲ್ಲಿ ನೆನೆಸಿ, ತಳದಲ್ಲಿ ಕೂತದ್ದನ್ನು ಒಣಗಿಸಿದ ಬಿಳಿ ಪುಡಿ. ಹೆಚ್ಚಿನದು ಪಿಷ್ಟ. ಆಯುರ್ವೇದ ಓದಿದವರು ತಕರಾರು ತೆಗೆಯಬಹುದು, ಅಲ್ವಾ?

ಹಾಗಾಗಿ ತಲೆಬರಹದಲ್ಲಿ ಮಾತ್ರ ‘ಮರದ ಸತ್ವಗಳು’ ಅಂತಿಟ್ಟು, ಒಳಗೆ ಅದು ಮಾಡುವ ಕೆಲಸವನ್ನೇ ಬರೆಯುತ್ತಿದ್ದೇನೆ. ಗೆದ್ದಲು ತಡೆಯುವ ಸತ್ವ, ಬೂಸ್ಟು ಹಿಡಿಯದಂತೆ ಕಾಯುವ ಸತ್ವ, ಹೀಗೆ. ಸ್ವಲ್ಪ ಉದ್ದವಾಗುತ್ತದೆ, ಆಗಲಿ.

‘ಬೈಪ್ರಾಡಕ್ಟ್’ಗೆ ‘ತ್ಯಾಜ್ಯ’ ಬೇಡವೇ ಬೇಡ. ‘ಉಪೋತ್ಪನ್ನ’ ಸರಿಯಾದ ಪದವೇ, ಆದರೆ ಮಿಲ್ಲಿನಲ್ಲಿ ಯಾರೂ ಹಾಗನ್ನುವುದಿಲ್ಲ. ಸುಮ್ನೆ ‘ಹೊಟ್ಟು, ತೊಗಟೆ’ ಅಂತಲೇ ಬರೆದರೆ ಸಾಕು ಅನ್ನಿಸಿದೆ. ಬಚ್ಚಲಲ್ಲಿ ಹೊಟ್ಟಿನ ಒಲೆ ಉರಿಸಿದ ಊರಿದು, ಹೊಟ್ಟನ್ನು ಕಸ ಅಂದರೆ ಹಿರಿಯರು ನಗುತ್ತಾರೆ.

ಕೈಪಿಡಿಯ ಉದಾಹರಣೆಗಳೆಲ್ಲ ಹೊರಗಿನವು. ನಾರ್ವೆಯಲ್ಲಿ ಸ್ಪ್ರೂಸ್ ಮರದ ನಾರುಗಳನ್ನು ಬಿಗಿಹಿಡಿದಿರುವ ಅಂಟಿನಂಥ ಲಿಗ್ನಿನ್‌ನಿಂದ ವೆನಿಲ್ಲಾ ಪರಿಮಳದ ವೆನಿಲಿನ್ ತೆಗೆಯುತ್ತಾರೆ. ಫಿನ್ಲೆಂಡಿನಲ್ಲಿ 1995ರಲ್ಲಿ ಬಂದ, ಬೆಣ್ಣೆಯ ಬದಲು ಬಳಸುವ, ಕೊಲೆಸ್ಟರಾಲ್ ಇಳಿಸುವ ಮಾರ್ಜರಿನ್‌ಗೆ ಸ್ಟೆರಾಲ್ (ಆ ಕೆಲಸ ಮಾಡುವ ವಸ್ತುವಿನ ಮೂಲ) ಸಿಕ್ಕಿದ್ದು ಪೈನ್ ಮರದಿಂದ ಕಾಗದದ ತಿರುಳು ಮಾಡುವಾಗ ಉಳಿಯುವ ಟಾಲ್ ಎಣ್ಣೆಯಿಂದ. ಇವುಗಳ ಜೊತೆಗೆ ನಮ್ಮದೊಂದನ್ನು ಸೇರಿಸಿದ್ದೇನೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಗಂಧದ ಮರ ಹೋಗುವುದು ನಿಂತಿತು. 1916ರಲ್ಲಿ ಬೆಂಗಳೂರಲ್ಲೇ ಎಣ್ಣೆ ಬಟ್ಟಿ ಇಳಿಸಲು ಶುರು ಮಾಡಿದರು. ಎಣ್ಣೆಯ ಮುಖ್ಯ ಸತ್ವ ಸ್ಯಾಂಟಲಾಲ್. ಎಣ್ಣೆ ತೆಗೆದ ಪುಡಿಯೂ ದಂಡವಾಗುವುದಿಲ್ಲ, ಊದಿನಕಡ್ಡಿಗೆ ಹೋಗುತ್ತದೆ. ಆ ಪುಡಿಗೆ ಕಸುಬಿನವರಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

ಕೊನೆಯದು ಮಲೆನಾಡಿನವರಿಗೆ. ಅಡಿಕೆ ಬೇಯಿಸಿದ ಕೆಂಪು ನೀರನ್ನು ಕುದಿಸಿ ಇಂಗಿಸಿದರೆ ಮಂದವಾದ ಚೊಗರು ಸಿಗುತ್ತದಲ್ಲ, ಅದರಲ್ಲಿರುವುದು ಟ್ಯಾನಿನ್, ಅಂದರೆ ಒಗರು ರುಚಿ ಕೊಡುವ ವಸ್ತು. ಮತ್ತಿ, ಅಕೇಶಿಯಾ ತೊಗಟೆಯಿಂದ ಹೀಗೇ ತೆಗೆದದ್ದಕ್ಕೆ ‘ತೊಗಟೆ ಚೊಗರು’ ಅಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಇಲ್ಲ, ಚೊಗರು ಅಂದರೆ ಅಡಿಕೆಯದ್ದು ಮಾತ್ರವೇ? ‘ತೊಗರು’ ಅನ್ನುವ ಕಡೆಯವರೂ ಹೇಳಿ. ‘ಒಗರು’ ಪದವನ್ನು ಬರೀ ರುಚಿಗೆ ಬಿಟ್ಟಿದ್ದೇನೆ.